ಅಕ್ಕ ಮಾಡಿದ ಅರಳಿ ಮರ

ಪುಣೆಯಲ್ಲಿ ನಾನು ಕಾಲೇಜಿನ ಎರಡನೆಯ ವರ್ಷದಲ್ಲಿದ್ದಾಗ ನನ್ನ ಬದುಕಿನಲ್ಲಿ ಕಾಯುವುದಕ್ಕೆ ಯೋಗ್ಯವಾದದ್ದು ಒಂದೇ ಇತ್ತು. ಅದು ಇನ್ನೂ ಹೊರಬರದಿದ್ದ ಒಂದು ಕಂಪ್ಯೂಟರ್ ಆಟ. ಒಂದು ಇಂಗ್ಲಿಷ್ ಪತ್ರಿಕೆಯ ಜೊತೆ ಪುಕ್ಕಟೆ ಬಂದ ಸಿಡಿಯಲ್ಲಿ ಅದರ ಎರಡು ನಿಮಿಷದ ವಿಡಿಯೊ ಸಿಕ್ಕಿತ್ತು. ಕಾಡಿನೊಳಗೆ ಪಾಳುಬಿದ್ದ ದೇವಸ್ಥಾನ, ಮೆಟ್ಟಿಲ ಮೇಲೆ ಹರಿದು ಬರುವ ನೀರು, ಪಾಚಿ ಹಿಡಿದ ಕಲ್ಲುಗಳು, ಗೋಪುರವನ್ನು ಬೇರಿನಲ್ಲಿ ಹಿಡಿದುಕೊಂಡು ನಿಂತ ದೊಡ್ಡದೊಂದು ಅರಳಿ ಮರ. ಗಾಳಿ ಬಂದರೆ ಆ ಮರದ ಒಂದೊಂದು ಎಲೆಯೂ ಬೇರೆ ಬೇರೆಯಾಗಿ ನಡುಗುತ್ತಿತ್ತು. ನಾವು ಆರು ಜನ ಗೆಳೆಯರು ನಮ್ಮ ಓಣಿಯ ಸೈಬರ್ ಕೆಫೆಯಲ್ಲಿ ಕೂತು ಆ ಎರಡು ನಿಮಿಷವನ್ನು ಎಷ್ಟು ಸಲ ನೋಡಿದ್ದೆವೆಂದರೆ, ಯಾವ ಕಲ್ಲಿನ ಮೇಲೆ ಯಾವಾಗ ನೀರು ಬೀಳುತ್ತದೆ ಎಂಬುದು ನಮಗೆ ಬಾಯಿಪಾಠವಾಗಿತ್ತು. ಪರೀಕ್ಷೆಯ ಪಾಠಗಳು ಆಗಿರಲಿಲ್ಲ.

ಆ ಆರು ಜನರಲ್ಲಿ ಐವರು ಮರಾಠಿಗರು, ನಾನೊಬ್ಬ ಕನ್ನಡದವನು. ನನ್ನನ್ನು ಅವರು ಕಾನಡೀ ಎಂದೇ ಕರೆಯುತ್ತಿದ್ದರು. ಅದರಲ್ಲಿ ದ್ವೇಷವೇನೂ ಇರಲಿಲ್ಲ, ಗೌರವವೂ ಇರಲಿಲ್ಲ. ನನಗೆ ಬೈಕಿರಲಿಲ್ಲ, ಆಟದಲ್ಲಿ ಕೈಚಳಕವಿರಲಿಲ್ಲ, ಮಾತಿನಲ್ಲಿ ಚುರುಕಿರಲಿಲ್ಲ. ಯಾರಾದರೂ ಚಹ ತರಬೇಕಾದರೆ ಎಲ್ಲರ ಕಣ್ಣೂ ನನ್ನ ಕಡೆಗೇ ತಿರುಗುತ್ತಿದ್ದವು. ಆದರೆ ಒಂದು ದಿನ ಆ ವಿಡಿಯೊ ಓಡುತ್ತಿದ್ದಾಗ ನನ್ನಿಂದ ತಡೆಯಲಾಗಲಿಲ್ಲ, ಆ ಅರಳಿ ಮರ ಮಾಡಿದವಳು ನಮ್ಮ ಅಕ್ಕ ಎಂದು ಹೇಳಿಬಿಟ್ಟೆ. ಆವತ್ತಿನಿಂದ ಚಹ ಬೇರೆಯವರು ತಂದರು.

ಅಕ್ಕ ಎಂದರೆ ದೊಡ್ಡಪ್ಪನ ಮಗಳು. ನನಗಿಂತ ನಾಲ್ಕು ವರ್ಷ ದೊಡ್ಡವಳು, ನಮ್ಮ ಮನೆಯಿಂದ ಎರಡು ಓಣಿ ಆಚೆಗೆ ಅವರ ಮನೆ. ಮಗರಪಟ್ಟಾದಲ್ಲಿ ಹೊಸದಾಗಿ ಎದ್ದ ಕಟ್ಟಡವೊಂದರ ಮೂರನೆಯ ಮಹಡಿಯಲ್ಲಿ ಪರದೇಶದ ಆಟಗಳಿಗೆ ಚಿತ್ರ ಮಾಡಿಕೊಡುವ ಸಣ್ಣ ಸ್ಟುಡಿಯೊ ಇತ್ತು. ಅಲ್ಲಿ ಅವಳಿಗೆ ಕೆಲಸ. ಒಂದು ಊರಿನವರು ಕಲ್ಲು ಮಾಡಿದರೆ ಇನ್ನೊಂದು ಊರಿನವರು ಬಂದೂಕು ಮಾಡುತ್ತಾರೆ, ಎಲ್ಲವನ್ನೂ ಕೂಡಿಸಿ ಆಟ ಮಾಡುವವರು ಇನ್ನೆಲ್ಲೋ ಇರುತ್ತಾರೆ ಎಂದು ಅವಳೇ ನನಗೆ ವಿವರಿಸಿದ್ದಳು. ಅವಳ ಪಾಲಿಗೆ ಬಂದದ್ದು ಒಂದು ಮರ. ಅದಕ್ಕೆ ಮೂರು ತಿಂಗಳು ಹಿಡಿಯಿತು. ಯಾರ ಮುಂದೆಯೂ ಹೇಳಬಾರದೆಂದು ಸ್ಟುಡಿಯೊದವರು ಕಾಗದಕ್ಕೆ ಸಹಿ ಹಾಕಿಸಿಕೊಂಡಿದ್ದರು. ಅವಳು ನನ್ನೊಬ್ಬನಿಗೆ ಹೇಳಿದಳು, ನಾನು ಓಣಿಗೆಲ್ಲ ಹೇಳಿದೆ.

ಅವರ ಓಣಿಯ ತುದಿಯಲ್ಲಿ ಒಂದು ಅರಳಿಕಟ್ಟೆ ಇತ್ತು. ದೊಡ್ಡವ್ವ ಶನಿವಾರ ಅದಕ್ಕೆ ಪ್ರದಕ್ಷಿಣೆ ಹಾಕುತ್ತಿದ್ದಳು. ಅಕ್ಕ ಅದೇ ಮರದ ಫೋಟೊ ತೆಗೆದಳು, ತೊಗಟೆಯ ಮೇಲೆ ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿ ಅದರ ಗೆರೆಗಳನ್ನು ಎತ್ತಿಕೊಂಡಳು, ಎಲೆಗಳನ್ನು ಆರಿಸಿದಳು. ದೇಹೂ ರೋಡಿನ ಲಷ್ಕರದ ಕಚೇರಿಯಲ್ಲಿ ಗುಮಾಸ್ತನಾಗಿದ್ದ ದೊಡ್ಡಪ್ಪ, ಮನೆಯಲ್ಲಿ ನಗುವುದೇ ಅಪರೂಪ ಎನ್ನುವಂಥ ಮನುಷ್ಯ, ರಜೆಯ ದಿನ ಕಟ್ಟೆಯ ಮೇಲೆ ಹತ್ತಿ ಕೊಡೆಯ ಹಿಡಿಕೆಯಿಂದ ಟೊಂಗೆ ಬಗ್ಗಿಸಿ ಕೊಟ್ಟ. ಕೆಂಪು ಚಿಗುರು, ಬಲಿತ ಹಸಿರು, ಹಣ್ಣಾದ ಹಳದಿ, ಹುಳ ತಿಂದದ್ದು, ಹೀಗೆ ನೂರಕ್ಕೂ ಹೆಚ್ಚು ಎಲೆ ಹಳೆಯ ಪಂಚಾಂಗಗಳ ನಡುವೆ ಒಣಗಿದವು. ಇಂಥ ಕೆಲಸಕ್ಕೂ ಪಗಾರ ಕೊಡುತ್ತಾರೆಂಬುದು ದೊಡ್ಡಪ್ಪನಿಗೆ ಕೊನೆಯವರೆಗೂ ನಂಬಿಕೆಯಾಗಲಿಲ್ಲ.

ನಂಬದಿರಲು ಕಾರಣವೂ ಇತ್ತು. ಆ ಕೆಲಸಕ್ಕೆ ಸೇರುವ ಮೊದಲೇ ಅಕ್ಕ ಬ್ಯಾಂಕಿನ ಪರೀಕ್ಷೆ ಬರೆದಿದ್ದಳು. ಆಟ ಹೊರಬರುವ ತಿಂಗಳಿಗೆ ಸರಿಯಾಗಿ ಬ್ಯಾಂಕಿನಿಂದ ನೇಮಕದ ಪತ್ರ ಬಂತು. ಮುಂದಿನ ತಿಂಗಳ ಒಂದನೆಯ ತಾರೀಖಿಗೆ ಹಾಜರಾಗಬೇಕು. ನಮ್ಮ ಕಡೆಯ ಮನೆಗಳಲ್ಲಿ ಬ್ಯಾಂಕಿನ ಪತ್ರ ಬಂತೆಂದರೆ ಮೊದಲು ದೇವರ ಮುಂದೆ ಇಡುತ್ತಾರೆ, ಆಮೇಲೆ ಓದುತ್ತಾರೆ. ಅಕ್ಕ ಒಲ್ಲೆ ಎಂದಳು. ನಾಲ್ಕು ದಿನ ಮನೆಯಲ್ಲಿ ಮಾತಿಲ್ಲ. ಐದನೆಯ ದಿನ ದೊಡ್ಡಪ್ಪ ನನ್ನನ್ನೂ ಕೂಡಿಸಿಕೊಂಡು ಒಂದು ತೀರ್ಪು ಕೊಟ್ಟ.

“ನೋಡವಾ, ನನಗ ನಿನ್ನ ಕೆಲಸ ತಿಳಿಯೂದಿಲ್ಲ. ಆದ್ರ ಗಿಡ ತಿಳೀತದ. ಆ ಆಟ ಹೊರಗ ಬರಲಿ, ನಾ ಕಣ್ಣಿಲೆ ನೋಡ್ತೀನಿ. ನಮ್ಮ ಗಿಡ ನಮ್ಮ ಗಿಡದಂಗ ಕಂಡ್ರ ಬ್ಯಾಂಕಿನ ಸುದ್ದಿ ತಗಿಯೂದಿಲ್ಲ. ಇಲ್ಲಾಂದ್ರ ನೀ ಸುಮ್ಮನ ಬ್ಯಾಂಕಿಗೆ ಹೋಗ್ಬೇಕು.”

ಅಕ್ಕ ಒಂದು ಕ್ಷಣವೂ ಯೋಚಿಸದೆ ಒಪ್ಪಿದಳು. ಮರ ಮಾಡಿದವಳು ಅವಳೇ, ಅವಳಿಗೇನು ಹೆದರಿಕೆ? ಇದ್ದ ತೊಡಕು ಒಂದೇ. ಸ್ಟುಡಿಯೊದವರು ಮುಗಿದ ಆಟವನ್ನು ಕೆಲಸದವರಿಗೆ ಕೊಡುತ್ತಿರಲಿಲ್ಲ. ಮುಂಬೈಯಿಂದ ಅಂಗಡಿಗೆ ಬರುವವರೆಗೆ ಅವಳೂ ಕಾಯಬೇಕು. ಅವರ ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ, ನನ್ನ ಹತ್ತಿರ ಇತ್ತು. ಹಾಗಾಗಿ ಆಟ ತಂದು ತೋರಿಸುವ ಜವಾಬ್ದಾರಿ ನನ್ನ ತಲೆಗೆ ಬಂತು. ಅಸಲಿ ಬರುವ ತನಕ ತಡಿ, ರಸ್ತೆಯ ಮೇಲಿನ ರಿಪ್ ಮಾತ್ರ ತರಬೇಡ ಎಂದು ಅವಳು ಎರಡೆರಡು ಸಲ ಹೇಳಿದಳು.

ರಿಪ್ ಎಂದರೆ ಆ ಕಾಲದ ನಮ್ಮಂಥವರ ನಿತ್ಯದ ಊಟ. ನಾಲ್ಕು ಸಿಡಿಯ ಆಟವನ್ನು ಯಾರೋ ಕಳ್ಳರು ಕತ್ತರಿಸಿ, ಹಿಂಡಿ, ಒಂದೇ ಸಿಡಿಗೆ ತುರುಕುತ್ತಿದ್ದರು. ಸಂಗೀತ ತೆಗೆಯುತ್ತಿದ್ದರು, ವಿಡಿಯೊ ತೆಗೆಯುತ್ತಿದ್ದರು, ಅಷ್ಟಾದರೂ ಜಾಗ ಸಾಲದಿದ್ದರೆ ಚಿತ್ರಗಳನ್ನೂ ಕೆರೆದು ತೆಳ್ಳಗೆ ಮಾಡುತ್ತಿದ್ದರು. ಅದು ಫುಟ್‌ಪಾತಿನ ಮೇಲೆ ಪ್ಲಾಸ್ಟಿಕ್ ಹಾಳೆಯಲ್ಲಿ ಮಾರಾಟಕ್ಕೆ ಬರುತ್ತಿತ್ತು, ಅಸಲಿಗಿಂತ ಎಷ್ಟೋ ದಿನ ಮೊದಲೇ.

ಈ ಸಲವೂ ಹಾಗೇ ಆಯಿತು. ಹದಿನಾಲ್ಕು ತಿಂಗಳು ಕಾದವರಿಗೆ ಇನ್ನು ಹತ್ತು ದಿನ ಕಾಯಲು ಆಗಲಿಲ್ಲ. ರಿಪ್ ತಂದೆವು. ಮಾರುವವನು ನಮ್ಮ ಕೈಗೆ ಕೊಡುವಾಗಲೇ ಹೇಳಿದ್ದ, ಆಟ ದೊಡ್ಡದು, ಬಹಳ ಕತ್ತರಿಸಿದ್ದಾರೆ, ಆಮೇಲೆ ನನ್ನ ಹತ್ತಿರ ಬಂದು ಜಗಳ ಮಾಡಬೇಡಿ ಎಂದು. ನಾನು ಆ ಮಾತು ಕೇಳಿಸಿಕೊಂಡೆ. ಈಗ ಯಾರಾದರೂ ನಿನಗೆ ಗೊತ್ತಿರಲಿಲ್ಲವೇ ಎಂದು ಕೇಳಿದರೆ, ಗೊತ್ತಿತ್ತು ಎಂದೇ ಹೇಳಬೇಕು.

ಕೆಫೆಯ ದೊಡ್ಡ ಪರದೆಯ ಮುಂದೆ ಆರೂ ಜನ ಕೂತೆವು. ಆಟ ಶುರುವಾಯಿತು. ನೀರು ಹರಿಯುತ್ತಿರಲಿಲ್ಲ, ನೀಲಿ ಬಣ್ಣ ಬಳಿದ ತಗಡು ಹಾಸಿದ ಹಾಗಿತ್ತು. ಕಲ್ಲಿನ ಮೇಲೆ ಪಾಚಿಯಿಲ್ಲ. ದೇವಸ್ಥಾನದ ಕಂಬಗಳು ಸೋಪಿನ ಹಾಗೆ ನುಣ್ಣಗಿದ್ದವು. ಒಬ್ಬ ತನ್ನ ಬೆರಳ ಉಗುರು ಕಚ್ಚಲು ಶುರು ಮಾಡಿದ. ಇನ್ನೊಬ್ಬ ಮೋಸ, ಮೋಸ ಎಂದು ಮರಾಠಿಯಲ್ಲಿ ಗೊಣಗುತ್ತಲೇ ಇದ್ದ. ಅವನ ದನಿಯಲ್ಲಿ ಅಳು ಇತ್ತು, ನಾನು ತಮಾಷೆಗೆ ಹೇಳುತ್ತಿಲ್ಲ. ಆ ವಯಸ್ಸಿನಲ್ಲಿ ನಮಗೆ ಬೇರೆ ಯಾರೂ ಏನನ್ನೂ ತೋರಿಸಿ ಕೊಡುತ್ತೇವೆಂದು ಹೇಳಿರಲಿಲ್ಲ. ಹೇಳಿದವರು ಈ ಆಟದವರೊಬ್ಬರೇ, ಅವರೂ ಹೀಗೆ ಮಾಡಿದರು.

ಆಮೇಲೆ ಅರಳಿ ಮರ ಬಂತು.

ಒಂದು ಹಲಗೆ. ಹಲಗೆಯ ಮೇಲೆ ಹಸಿರು ಮಚ್ಚೆ. ಎಡಕ್ಕೆ ಹೋದರೆ ಹಲಗೆಯೂ ನಮ್ಮ ಕಡೆಗೆ ತಿರುಗುತ್ತಿತ್ತು, ಬಲಕ್ಕೆ ಬಂದರೂ ತಿರುಗುತ್ತಿತ್ತು. ಎಲೆಗಳೇ ಇರಲಿಲ್ಲ, ಇನ್ನು ಅವು ನಡುಗುವುದೆಲ್ಲಿ ಬಂತು? ಆಮೇಲೆ ನಮ್ಮಲ್ಲಿ ಬೈಕಿದ್ದವನು ನನ್ನ ಭುಜ ತಟ್ಟಿ ಹೇಳಿದ, “ಹೇ ಬಘ್, ತುಝ್ಯಾ ತಾಈಚಂ ಝಾಡ.” ನೋಡು, ನಿನ್ನ ಅಕ್ಕನ ಮರ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಹದಿನಾಲ್ಕು ತಿಂಗಳ ಸಿಟ್ಟಿಗೆ ಒಂದು ಜಾಗ ಬೇಕಾಗಿತ್ತು, ಸಿಕ್ಕಿತು.

ಆ ವಾರವೆಲ್ಲ ಕೆಟ್ಟದ್ದಕ್ಕೆಲ್ಲ ಅದೇ ಹೆಸರಾಯಿತು. ತಣ್ಣಗಾದ ವಡಾಪಾವ್ ತಾಈಚಂ ಝಾಡ. ಪಂಕ್ಚರ್ ಆದ ಗಾಲಿ ತಾಈಚಂ ಝಾಡ. ಕಾಲೇಜಿನಲ್ಲಿ ಒಬ್ಬಳು ಹುಡುಗಿ ಕೂದಲು ಕತ್ತರಿಸಿಕೊಂಡು ಬಂದರೆ ಅದೂ. ಅಕ್ಕನನ್ನು ಕಂಡೇ ಇರದ ಹುಡುಗರ ಬಾಯಲ್ಲಿ ಅವಳು ಹೀಗೆ ದಿನಕ್ಕೆ ಇಪ್ಪತ್ತು ಸಲ ಬಂದು ಹೋದಳು. ಚಹ ತರುವ ಕೆಲಸ ಮತ್ತೆ ನನ್ನ ಪಾಲಿಗೆ ಬಂತು. ಉಳಿದವರು ಆಟದ ಕಂಪನಿಗೆ ಉದ್ದದ ಬೈಗುಳದ ಈಮೇಲ್ ಬರೆದು ತಣ್ಣಗಾದರು. ನನ್ನ ಸಿಟ್ಟು ಅಷ್ಟು ದೂರ ಹೋಗಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ, ನನ್ನ ಎಮ್ಮೆ ಎರಡು ಓಣಿ ಆಚೆಗೇ ಇತ್ತು.

ಆ ಭಾನುವಾರ ನಾನು ಮಾಡಿದ್ದು ಸಿಟ್ಟಿನ ಭರದಲ್ಲಿ ಆದದ್ದಲ್ಲ. ಬೆಳಿಗ್ಗೆ ಎದ್ದು, ತಿಂಡಿ ತಿಂದು, ಸಮಾಧಾನದಿಂದ ಮಾಡಿದ್ದು. ರಿಪ್ಪನ್ನು ನನ್ನ ಕಂಪ್ಯೂಟರಿಗೆ ಹಾಕಿಟ್ಟುಕೊಂಡೆ, ಸಿಡಿಯನ್ನು ಮನೆಯಲ್ಲೇ ಬಿಟ್ಟೆ. ಸ್ಪೀಕರುಗಳನ್ನೂ ಬಿಟ್ಟೆ, ಏಕೆಂದರೆ ರಿಪ್ಪಿನಲ್ಲಿ ಸಂಗೀತ ಇರುವುದಿಲ್ಲ, ಅದು ಅಕ್ಕನಿಗೆ ಕೂಡಲೇ ಗೊತ್ತಾಗುತ್ತಿತ್ತು. ನಮ್ಮ ಕಾಲದಲ್ಲಿ ಕಂಪ್ಯೂಟರನ್ನು ಮನೆಯಿಂದ ಮನೆಗೆ ಹೊತ್ತುಕೊಂಡು ಹೋಗುವುದು ಸಾಮಾನ್ಯ ಸಂಗತಿ. ಕ್ಯಾಬಿನೆಟ್ಟನ್ನು ಟವಲಿನಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡು, ಮಾನಿಟರನ್ನು ಕಾಲಬಳಿ ಒತ್ತಿಕೊಂಡು ರಿಕ್ಷಾದಲ್ಲಿ ಹೋದೆ. ದೊಡ್ಡವ್ವ ಉಪ್ಪಿಟ್ಟು ಮಾಡಿದ್ದಳು. ದೊಡ್ಡಪ್ಪ ಇಸ್ತ್ರಿಯ ಅಂಗಿ ಹಾಕಿಕೊಂಡು ಕೂತಿದ್ದ, ಕನ್ಯೆ ನೋಡಲು ಹೊರಟವರ ಹಾಗೆ.

ಅಸಲಿ ಇಷ್ಟು ಬೇಗ ಬಂತೇ ಎಂದು ಅಕ್ಕ ಕೇಳಿದಳು. ಗೆಳೆಯನ ಮಾವ ಮುಂಬೈಯಿಂದ ತಂದ ಎಂದೆ. ಡಬ್ಬಿ ಎಲ್ಲಿ ಎಂದಳು. ಗೆಳೆಯನ ಮನೆಯಲ್ಲಿ ಎಂದೆ. ಹಾಡು ಯಾಕಿಲ್ಲ ಎಂದಳು. ಸ್ಪೀಕರ್ ರಿಕ್ಷಾದಲ್ಲಿ ಹಿಡಿಸಲಿಲ್ಲ ಎಂದೆ. ಸುಳ್ಳು ಹೇಳುವುದರಲ್ಲಿ ನನಗೆ ಕೈಚಳಕವಿದೆ ಎಂಬುದು ಆವತ್ತೇ ಗೊತ್ತಾಯಿತು.

ಮರದ ಮುಂದೆ ತಂದು ನಿಲ್ಲಿಸಿದೆ. ದೊಡ್ಡಪ್ಪ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಪರದೆಗೆ ಮೂಗು ತಾಗುವಷ್ಟು ಹತ್ತಿರ ಹೋದ. ಅಕ್ಕ ನನ್ನ ಕೈಯಿಂದ ಮೌಸ್ ಕಸಿದುಕೊಂಡಳು. ಮರದ ಸುತ್ತ ಒಂದು ಸುತ್ತು ಹಾಕಿದಳು. ಹಲಗೆ ಅವಳ ಜೊತೆಗೇ ತಿರುಗಿತು. ಇನ್ನೊಂದು ಸುತ್ತು ಹಾಕಿದಳು. ಅವಳು ಮೌಸಿನಿಂದ ಕೈ ತೆಗೆದದ್ದನ್ನು ನಾನು ನೋಡಿದೆ, ಮತ್ತು ನನ್ನೊಳಗೆ ಏನೋ ತಣ್ಣಗಾಯಿತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಇದ್ದದ್ದು ಇದ್ದ ಹಾಗೆ. ಒಂದು ವಾರ ನಾನೊಬ್ಬನೇ ತಿಂದದ್ದನ್ನು ಈಗ ಇನ್ನೊಬ್ಬರೂ ತಿಂದರು ಎನ್ನುವ ಸುಖ ಅದು.

“ಕೊಡೀಲೆ ಟೊಂಗಿ ಬಗ್ಗಿಸಿ ಕೊಟ್ಟದ್ದು ಇದಕ್ಕೇನವಾ?” ಎಂದ ದೊಡ್ಡಪ್ಪ. ಸಿಟ್ಟಿನಿಂದ ಕೇಳಲಿಲ್ಲ. ನಿಜವಾಗಿಯೂ ತಿಳಿಯದೆ ಕೇಳಿದ.

ಅಕ್ಕ ನನ್ನ ಕಡೆ ತಿರುಗಿದಳು. “ತಮ್ಮಾ, ನನ್ನ ಮುಖ ನೋಡಿ ಹೇಳು. ಇದು ಅಸಲಿ ಅದ ಏನು?”

ನಾನು ಅವಳ ಮುಖ ನೋಡಿದೆ.

“ಅಸಲಿ ಅದ ಅಕ್ಕ.”

ಅವಳು ಎದ್ದು ಒಳಗೆ ಹೋದಳು. ದೊಡ್ಡವ್ವ ನನಗೆ ಉಪ್ಪಿಟ್ಟು ಬಡಿಸಿದಳು. ದೊಡ್ಡಪ್ಪ ಬ್ಯಾಂಕಿನ ಮಾತೇ ಎತ್ತಲಿಲ್ಲ. ಎತ್ತುವ ಅಗತ್ಯವೂ ಬೀಳಲಿಲ್ಲ. ಸ್ಟುಡಿಯೊದವರಿಗೆ ಕೆಲಸ ಬಿಡುವ ಪತ್ರವನ್ನು ಅವಳೇ ಮರುದಿನ ಕೊಟ್ಟಳು. ದೊಡ್ಡಪ್ಪ ಸ್ಟುಡಿಯೊ ಬೇಡವೆಂದಿದ್ದರೆ ಅವಳು ಜಗಳವಾಡುತ್ತಿದ್ದಳು, ಅಷ್ಟು ಗಟ್ಟಿ ಹೆಣ್ಣು. ಆದರೆ ಅವಳ ಮರವನ್ನು ಆಟದವರೇ ಕಿತ್ತು ಬಿಸಾಕಿ, ಅದರ ಜಾಗದಲ್ಲಿ ಒಂದು ಹಲಗೆ ನಿಲ್ಲಿಸಿದರು ಎಂದು ತಿಳಿದ ಮೇಲೆ ಜಗಳ ಯಾರ ಪರವಾಗಿ ಆಡುವುದು? ಸ್ಟುಡಿಯೊದಲ್ಲಿ ಯಾರನ್ನಾದರೂ ಕೇಳಬಹುದಿತ್ತು. ಮಾನಕ್ಕೆ ಅಂಜಿ ಕೇಳಲಿಲ್ಲ ಎಂದು ದೊಡ್ಡವ್ವ ಆಮೇಲೆ ನನ್ನ ಅವ್ವನ ಮುಂದೆ ಹೇಳಿದಳು. ಎಲೆಗಳಿದ್ದ ಪಂಚಾಂಗಗಳು ಆ ವಾರದ ರದ್ದಿಗೆ ಹೋದವು. ದೊಡ್ಡಪ್ಪ ಓಣಿಗೆಲ್ಲ ಪೇಢೆ ಹಂಚಿದ. ನಮ್ಮ ಮನೆಗೆ ಕೊಟ್ಟದ್ದರಲ್ಲಿ ನಾನೂ ಎರಡು ತಿಂದೆ.

ಅವಳು ಬ್ಯಾಂಕಿಗೆ ಹಾಜರಾಗಲು ಇನ್ನೂ ನಾಲ್ಕು ದಿನ ಇರುವಾಗ ಅಂಗಡಿಗೆ ಅಸಲಿ ಬಂತು. ಬೈಕಿದ್ದವನು ತಂದ. ಮತ್ತೆ ಆರೂ ಜನ ಕೆಫೆಯಲ್ಲಿ ಕೂತೆವು. ಈ ಸಲ ಯಾರಿಗೂ ಹೆಚ್ಚಿನ ಆಸೆ ಇರಲಿಲ್ಲ, ಹಾಗಿದ್ದೂ ಬೇಸರವಾಯಿತು. ರಿಪ್ಪಿಗಿಂತ ಎಷ್ಟೋ ವಾಸಿ, ಆದರೆ ವಿಡಿಯೊದಲ್ಲಿ ಕಂಡದ್ದು ಇದಲ್ಲ. ನೀರು ಹರಿಯಿತು, ಮಂಕಾಗಿ. ಪಾಚಿ ಇತ್ತು, ಅಲ್ಲೊಂದು ಇಲ್ಲೊಂದು. ದೀಪದ ಬೆಳಕು ಕಂಬದ ಮೇಲೆ ಆಡುತ್ತಿದ್ದದ್ದು ಮಾಯವಾಗಿತ್ತು. ಮುಂಚೆ ತೋರಿಸಿದ್ದೊಂದು, ಕೊಟ್ಟದ್ದೊಂದು. ನಮ್ಮ ಸಿಟ್ಟು ಪೂರಾ ಸುಳ್ಳಾಗಿರಲಿಲ್ಲ.

ಅರಳಿ ಮರ ಮಾತ್ರ ಹಾಗೆಯೇ ನಿಂತಿತ್ತು. ವಿಡಿಯೊದಲ್ಲಿ ಇದ್ದ ಹಾಗೆ, ಒಂದು ಎಲೆಯೂ ಕಡಿಮೆಯಿಲ್ಲದೆ. ಆ ಇಡೀ ಆಟದಲ್ಲಿ ಹೇಳಿದ ಮಾತಿನಂತೆ ಬಂದದ್ದು ಅದೊಂದೇ. ತೊಗಟೆಯ ಗೆರೆಗಳು ಓಣಿಯ ಮರದ ಗೆರೆಗಳೇ. ಒಂದು ಎಲೆಯಲ್ಲಿ ಹುಳ ತಿಂದ ತೂತು, ಅದರೊಳಗಿಂದ ಆಚೆಯ ಬೆಳಕು ಕಾಣುತ್ತಿತ್ತು. ಬೈಕಿದ್ದವನು ಮರದ ಸುತ್ತ ಎರಡು ಸುತ್ತು ಹಾಕಿ, ಚೆನ್ನಾಗಿದೆ ಎನ್ನುವ ಹಾಗೆ ತಲೆ ಆಡಿಸಿದ, ಮುಂದಕ್ಕೆ ಹೋದ. ಒಬ್ಬರೂ ನನ್ನ ಅಕ್ಕನ ಮಾತು ತೆಗೆಯಲಿಲ್ಲ. ಅವರಿಗೆ ಅದು ಮರೆತೇ ಹೋಗಿತ್ತು.

ನಾಲ್ಕು ದಿನವಿತ್ತು. ಎರಡು ಓಣಿಯ ದೂರ, ನಡೆದರೆ ಐದು ನಿಮಿಷ. ಹೋಗಿ ಹೇಳಬಹುದಿತ್ತು. ಮೊದಲ ದಿನ ಹೋಗಬೇಕೆಂದುಕೊಂಡೆ. ಎರಡನೆಯ ದಿನ ದೊಡ್ಡಪ್ಪ ನನ್ನನ್ನು ಏನೆಂದುಕೊಂಡಾನು ಎಂದು ಲೆಕ್ಕ ಹಾಕಿದೆ. ಮೂರನೆಯ ದಿನ, ಬ್ಯಾಂಕಿನ ಕೆಲಸವೇನು ಕೆಟ್ಟದ್ದೇ, ಪೆನ್ಶನ್ ಇದೆ, ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು ಎಂದು ನನಗೆ ನಾನೇ ಹೇಳಿಕೊಂಡೆ. ನಾಲ್ಕನೆಯ ದಿನ ಆಟದ ಮುಂದಿನ ಹಂತ ಆಡುತ್ತ ಕೂತಿದ್ದೆ. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ನಮ್ಮ ಮನೆತನದಲ್ಲಿ ಮಾಡಿದವನೊಬ್ಬ, ಉಂಡವಳೊಬ್ಬಳು.

ನಾಲ್ಕು ವರ್ಷ ಹೋಯಿತು. ನನಗೂ ಕೆಲಸ ಸಿಕ್ಕಿತು, ಅದೂ ಮಗರಪಟ್ಟಾದಲ್ಲೇ, ಫೋನಿನಲ್ಲಿ ಪರದೇಶದವರ ಬೈಗುಳ ಕೇಳಿಸಿಕೊಳ್ಳುವ ಕೆಲಸ. ಅಕ್ಕನ ಸ್ಟುಡಿಯೊ ಇದ್ದ ಕಟ್ಟಡದ ಮುಂದೆಯೇ ನಮ್ಮ ಬಸ್ಸು ನಿಲ್ಲುತ್ತಿತ್ತು. ಸ್ಟುಡಿಯೊ ಈಗ ಒಂದು ಮಹಡಿಯಿಂದ ಮೂರು ಮಹಡಿಗೆ ಬೆಳೆದಿತ್ತು. ಅಕ್ಕನ ಪಕ್ಕದ ಕುರ್ಚಿಯಲ್ಲಿ ಕೂತು ಅವಳಿಂದಲೇ ಕೆಲಸ ಕಲಿತ ಹುಡುಗಿಯೊಬ್ಬಳು ಅಲ್ಲಿ ಮೂವತ್ತು ಜನರ ಮೇಲಿನವಳಾಗಿದ್ದಾಳೆಂದು ಊಟದ ಹೊತ್ತಿನಲ್ಲಿ ಯಾರೋ ಹೇಳಿದರು. ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ನಾರಿನ ಹಾಗೆ ಅದು ನನ್ನನ್ನು ದಿನವಿಡೀ ಕಾಡತೊಡಗಿತು. ಹೇಳಿಬಿಟ್ಟರೆ ಮನಸ್ಸು ಹಗುರವಾಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಒಂದು ದಿನ ರಜೆ ಹಾಕಿ ಸಾಸವಡದ ಬಸ್ಸು ಹತ್ತಿದೆ. ಅಕ್ಕನಿಗೆ ಬ್ಯಾಂಕಿನ ಅಲ್ಲಿನ ಶಾಖೆಗೆ ವರ್ಗವಾಗಿತ್ತು.

ಮಧ್ಯಾಹ್ನದ ಊಟದ ಹೊತ್ತು. ಕೌಂಟರಿನ ಆಚೆ ನನ್ನನ್ನು ಕಂಡು ಅವಳ ಮುಖ ಅರಳಿತು. ಎಲ್ಲರೂ ಆರಾಮ ಇದ್ದಾರಲ್ಲ ಎಂದು ಮೊದಲು ವಿಚಾರಿಸಿ, ಲಾಕರ್ ಕೋಣೆಯ ಪಕ್ಕದ ಬೆಂಚಿಗೆ ಕರೆದುಕೊಂಡು ಹೋದಳು. ದಪ್ಪಗಾಗಿದ್ದಳು, ಕಣ್ಣಿಗೆ ಕನ್ನಡಕ ಬಂದಿತ್ತು. ಡಬ್ಬಿ ಬಿಚ್ಚಿ ಎರಡು ರೊಟ್ಟಿ ಮತ್ತು ಬದನೆಕಾಯಿ ಪಲ್ಯವನ್ನು ಮುಚ್ಚಳದಲ್ಲಿಟ್ಟು ನನ್ನ ಮುಂದೆ ಸರಿಸಿದಳು. ತನಗೆ ಒಂದೇ ಉಳಿಸಿಕೊಂಡಳು. ನಾನು ತಿನ್ನುವ ಮೊದಲೇ ಹೇಳಲು ಶುರು ಮಾಡಿದೆ, ತಿಂದರೆ ಧೈರ್ಯ ಹೋದೀತು ಎಂದು. ಫುಟ್‌ಪಾತಿನ ಸಿಡಿ, ಮನೆಯಲ್ಲಿ ಬಿಟ್ಟ ಸ್ಪೀಕರು, ಗೆಳೆಯರ ನಗು, ಆಮೇಲೆ ಬಂದ ಅಸಲಿ, ಆ ನಾಲ್ಕು ದಿನ, ಎಲ್ಲ ಹೇಳಿದೆ. ಅವಳು ಕೈಯಲ್ಲಿ ಮುರಿದ ರೊಟ್ಟಿಯ ತುಂಡು ಹಿಡಿದುಕೊಂಡೇ ಕೇಳಿದಳು.

“ಎಲಿ ಅಳ್ಳಾಡ್ತಿದ್ವೇನು?” ಎಂದಳು ಕೊನೆಗೆ.

“ಹೂಂ. ಒಂದೊಂದೂ ಬ್ಯಾರೆ ಬ್ಯಾರೆ.”

ಅವಳು ತುಂಡನ್ನು ಡಬ್ಬಿಯಲ್ಲಿಟ್ಟಳು. ಗೋಡೆಯ ಮೇಲಿದ್ದ ಬಡ್ಡಿಯ ದರದ ಹಲಗೆಯತ್ತ ನೋಡಿದಳು. ಅಳುತ್ತಾಳೆಂದು ನಾನು ಕಾದೆ. ಅತ್ತರೆ ಸಮಾಧಾನ ಮಾಡಲು ಬಸ್ಸಿನಲ್ಲೇ ಒಂದೆರಡು ಮಾತು ಹೊಂದಿಸಿಟ್ಟುಕೊಂಡಿದ್ದೆ. ಅವಳು ಅಳಲಿಲ್ಲ.

“ಅವರು ಕಿತ್ತು ಒಗದ್ರು ಅಂತ ತಿಳ್ಕೊಂಡು ನಾ ಆರಾಮ ಇದ್ದೆ ತಮ್ಮಾ. ನನಗ ಬರಂಗಿಲ್ಲ, ನನ್ನ ಹಣೇಬರದಾಗ ಇಲ್ಲ ಅಂತ ಬಿಟ್ಟು ಬಂದೆ. ಈಗ ಇದನ್ನ ಹೇಳ್ಲಿಕ್ಕೆ ಯಾಕ ಬಂದಿ? ನಾ ಕೇಳಿದ್ನೇನು?”

ಮನಸ್ಸಿನಲ್ಲಿ ಇಟ್ಟುಕೊಳ್ಳಲು ಆಗಲಿಲ್ಲ ಎಂದೆ.

“ಅದಕ್ಕ ನನ್ನ ಮನಸ್ಸಿನ್ಯಾಗ ಇಟ್ಟಿ.”

ಅವಳು ತನ್ನ ಡಬ್ಬಿ ಮುಚ್ಚದೆಯೇ ಎದ್ದಳು. ಊಟ ಮಾಡಿಯೇ ಹೋಗಬೇಕು, ಮುಚ್ಚಳ ತೊಳೆದು ಪ್ಯೂನನ ಕೈಗೆ ಕೊಡಬೇಕು, ಇನ್ನು ಮುಂದೆ ಬರಬಾರದು ಎಂದು ಹೇಳಿದಳು, ಈ ಮೂರನ್ನೂ ಒಂದೇ ದನಿಯಲ್ಲಿ. ಊಟದ ಹೊತ್ತು ಮುಗಿದಿರಲಿಲ್ಲ, ಆದರೂ ಹೋಗಿ ಕೌಂಟರ್ ತೆರೆದು ಕೂತಳು. ಹೊರಗೆ ಕಾಯುತ್ತಿದ್ದವರು ಖುಷಿಯಿಂದ ಸಾಲು ಹಚ್ಚಿದರು. ಮರಾಠಿಯಲ್ಲಿ ಒಬ್ಬ ಅಜ್ಜಿಗೆ ಎಲ್ಲಿ ಸಹಿ ಮಾಡಬೇಕೆಂದು ಅವಳು ತಾಳ್ಮೆಯಿಂದ ಹೇಳಿಕೊಡುವುದು ಬೆಂಚಿನವರೆಗೂ ಕೇಳಿಸುತ್ತಿತ್ತು.

ಜನ ಹೇಳುವುದು ಸುಳ್ಳಲ್ಲ, ನನಗೆ ಹಗುರವಾಗಿತ್ತು. ಹಸಿವೂ ಆಗಿತ್ತು. ಎರಡೂ ರೊಟ್ಟಿ ತಿಂದೆ.